ಗುತ್ತಿಗೆಗೆ ಒಪ್ಪದ ಮಂಡಿ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಮಾತಿದೆ. ಟೈಲ್ಸ್ ಮೇಸ್ತ್ರಿಗೆ ಮೀಸೆ ಇರಲಿಲ್ಲ. ಹಾಗಾಗಿ ಆ ಭಾನುವಾರ ಬೆಳಿಗ್ಗೆ, ಮರದ ಡಿಪೋದ ಹಿಂದಿನ ಬಯಲಿನಲ್ಲಿ ವಾಲಿಬಾಲ್ ನೆಟ್ಟಿನ ಕೆಳಗೆ ಅಂಗಾತ ಬಿದ್ದವನು ಮಣ್ಣಾಗದಂತೆ ಕಾಪಾಡಿಕೊಂಡದ್ದು ಒಂದು ಪಾಯಿಂಟನ್ನು. ಚೆಂಡು ಗೆರೆಯ ಒಳಗೇ ಬಿತ್ತೆಂದು ಅವನು ಮಲಗಿದಲ್ಲಿಂದಲೇ ವಾದಿಸಿದ. ಮಲಗಿದವನಿಗೆ ಗೆರೆ ಹೇಗೆ ಕಂಡಿತು ಎಂದು ಎದುರು ತಂಡದ ಪ್ಲಂಬರ್ ಕೇಳಿದ್ದಕ್ಕೆ, ನೆಲದ ವಿಷಯ ನೆಲದ ಮೇಲಿರುವವನಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂದ. ಪಾಯಿಂಟ್ ಕೊಟ್ಟ ಮೇಲೆಯೇ ತನ್ನನ್ನು ಎತ್ತಲು ಬಿಟ್ಟ. ಎತ್ತಿ ನಿಲ್ಲಿಸಿದರೆ ಬಲಗಾಲು ನಿಲ್ಲಲಿಲ್ಲ.

ಆದದ್ದು ಇಷ್ಟೇ. ಸ್ಮ್ಯಾಶ್ ಹೊಡೆಯಲು ಹಾರಿದವನು ಕೆಳಗಿಳಿಯುವಾಗ ಎಲೆಕ್ಟ್ರಿಷಿಯನ್ನನ ಪಾದ ನೆಟ್ಟಿನ ಈಚೆಗೆ ಬಂದಿತ್ತು. ಅದರ ಮೇಲೆ ಇವನ ಪಾದ ಬಿತ್ತು. ದೇಹ ಒಂದು ಕಡೆ ತಿರುಗಿತು, ಮಂಡಿ ಇನ್ನೊಂದು ಕಡೆ ತಿರುಗಿತು, ಎರಡರ ನಡುವೆ ಟಪ್ಪೆಂದು ಒಂದು ಸದ್ದಾಯಿತು. ಆ ಸದ್ದು ಅವನಿಗೆ ಹೊಸದೇನಲ್ಲ. ಕತ್ತರಿಸುವಾಗ ಟೈಲ್ಸ್ ಗೀರಿದ ಜಾಗ ಬಿಟ್ಟು ಬೇರೆ ಕಡೆ ಸೀಳಿದರೆ ಹಾಗೇ ಸದ್ದಾಗುತ್ತದೆ. ಅಂಥ ಟೈಲ್ಸನ್ನು ಅವನು ಮತ್ತೊಮ್ಮೆ ನೋಡದೆ ಹಿಂದಕ್ಕೆ ಎಸೆಯುತ್ತಿದ್ದ.

ಕಟ್ಟಡದ ಕೆಲಸದವರೆಲ್ಲ ಅವನನ್ನು ರಸಮಟ್ಟ ಎಂದು ಕರೆಯುತ್ತಿದ್ದರು. ನೆಲ ಸಮವಾಗಿದೆಯೋ ಇಲ್ಲವೋ ಎಂದು ಹೇಳುವ, ಗಾಜಿನ ನಳಿಗೆಯಲ್ಲಿ ಗುಳ್ಳೆ ಓಡಾಡುವ ಆ ಉಪಕರಣ ಅವನ ತಲೆಯೊಳಗೇ ಇದೆಯೆಂದು ಅವರ ನಂಬಿಕೆ. ಯಾರ ಮನೆಗೆ ಹೋದರೂ ಮೊದಲು ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ನೆಲ ನೋಡುತ್ತಿದ್ದ, ಆಮೇಲೆ ಮನುಷ್ಯರನ್ನು. ಗೋಡೆಯ ಮೇಲಿನ ಕ್ಯಾಲೆಂಡರ್ ಸೊಟ್ಟಗಿದ್ದರೆ ಮಾತಿನ ನಡುವೆ ಎದ್ದುಹೋಗಿ ಸರಿಮಾಡಿ ಬರುತ್ತಿದ್ದ. ಹೆಣ್ಣು ನೋಡಲು ಹೋದಾಗಲೂ ಹುಡುಗಿಯ ಮುಖ ನೋಡುವ ಮೊದಲು ಹೊಸ್ತಿಲ ಬಳಿಯ ಬಿರುಕು ನೋಡಿದನಂತೆ. ಈ ಮಾತನ್ನು ಅವನ ಹೆಂಡತಿ ಇಂದಿಗೂ ಹೇಳುತ್ತಾಳೆ, ಇಂದಿಗೂ ಪೂರ್ತಿ ನಗುತ್ತಾ ಹೇಳುವುದಿಲ್ಲ.

ಇಂಥವನ ಸ್ವಂತ ಮನೆಯ ನೆಲ ಹೇಗಿರಬೇಕು? ಊರಿಗೆಲ್ಲ ಹಾಕಿ ಉಳಿದ ಚೂರುಗಳಿಂದ ಆಗಿತ್ತು. ನಡುಮನೆಯಲ್ಲಿ ಯಾವುದೋ ಬ್ಯಾಂಕಿನ ಬೂದು ಬಣ್ಣ, ಅಡುಗೆಮನೆಯಲ್ಲಿ ಹಲ್ಲಿನ ಡಾಕ್ಟರರ ಬಚ್ಚಲಿನ ನೀಲಿ, ಮಂಚದ ಕೆಳಗೆ ಒಂದು ಹೋಟೆಲಿನ ಹೂಬಳ್ಳಿ, ಅದೂ ಬಳ್ಳಿಯ ಅರ್ಧ ಮಾತ್ರ. ಒಳಕೋಣೆಯಲ್ಲಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ತಾನು ದಿನಾ ಎದ್ದು ನಾಲ್ಕು ಮನೆ ದಾಟಿ ಬಚ್ಚಲಿಗೆ ಹೋಗುತ್ತೇನೆ ಎನ್ನುತ್ತಿದ್ದಳು.

ಮೇಸ್ತ್ರಿಯ ಬದುಕಿನಲ್ಲಿ ಒಂದು ಸಿದ್ಧಾಂತವಿತ್ತು. ಕೆಲಸದಲ್ಲಿ ಎರಡು ಜಾತಿ, ದಿನಗೂಲಿ ಮತ್ತು ಗುತ್ತಿಗೆ. ದಿನಗೂಲಿಯವನು ಸೂರ್ಯನನ್ನು ನೋಡಿಕೊಂಡು ಕೆಲಸ ಮಾಡುತ್ತಾನೆ, ಗುತ್ತಿಗೆಯವನು ಕೆಲಸವನ್ನು ನೋಡಿಕೊಂಡು ಮಾಡುತ್ತಾನೆ. ತಾನು ಹುಟ್ಟಾ ಗುತ್ತಿಗೆಯವನು. ಒಂದು ನೆಲ ಒಪ್ಪಿಕೊಂಡರೆ ಊಟ ಬಿಟ್ಟಾದರೂ ಮುಗಿಸಿ, ಕರಣೆ ತೊಳೆದು, ಇನ್ನೊಂದು ನೆಲಕ್ಕೆ ಹೋಗಬೇಕು. ಅರ್ಧಕ್ಕೆ ಬಿಟ್ಟ ನೆಲ ಎಂಬುದು ಅವನ ಲೆಕ್ಕದಲ್ಲಿ ಅರ್ಧ ಬೋಳಿಸಿಕೊಂಡ ತಲೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಯಾರಾದರೂ ಹೇಳಿದರೆ, ಬುದ್ಧಿ ಮಟ್ಟವಾಗಿದ್ದರೇ ಅಲ್ಲವೇ ನೆಲ ಮಟ್ಟವಾಗುವುದು ಎನ್ನುತ್ತಿದ್ದ. ನಮ್ಮಂಥ ಕೂತು ತಿನ್ನುವವರು ಇಂಥವರನ್ನು ದೂರದಿಂದ ಮೆಚ್ಚಬೇಕು. ಹತ್ತಿರ ಹೋದರೆ ನಮ್ಮ ಕೈಗೂ ಒಂದು ಬಕೆಟ್ಟು ಬರುತ್ತದೆ.

ಬೀಳುವ ವೇಳೆಗೆ ಅವನ ಕೈಯಲ್ಲಿ ಒಂದು ಅರ್ಧ ತಲೆ ಇತ್ತು. ನಿವೃತ್ತ ಹೆಡ್‌ಮೇಡಂ ಒಬ್ಬರ ಹೊಸ ಮನೆ. ಹಜಾರ ಮುಗಿದಿತ್ತು, ಕೋಣೆಗಳು ಬಾಕಿ. ಅದೂ ಸಾಲದೆಂಬಂತೆ ಆ ವರ್ಷ ಅವನು ಒಬ್ಬನೇ ಕೆಲಸ ಮಾಡುತ್ತಿದ್ದ. ಹತ್ತು ವರ್ಷ ಪಕ್ಕದಲ್ಲಿ ಕೂತು ಕೆಲಸ ಕಲಿತ ಶಿಷ್ಯ ಹಿಂದಿನ ವರ್ಷ ಬಿಟ್ಟುಹೋಗಿದ್ದ. ಜಗಳಕ್ಕೆ ಕಾರಣ ಹೆಣ್ಣಲ್ಲ, ಹೊನ್ನಲ್ಲ, ಒಂದು ಪ್ಲಾಸ್ಟಿಕ್ ಚೂರು. ಎರಡು ಟೈಲ್ಸ್ ನಡುವಿನ ಸಂದು ಒಂದೇ ಅಳತೆಯಲ್ಲಿರಲೆಂದು ಮೂಲೆಗಳಲ್ಲಿ ಸಿಕ್ಕಿಸುವ ಆ ಪುಟ್ಟ ಸ್ಪೇಸರನ್ನು ಶಿಷ್ಯ ಒಂದು ಪೊಟ್ಟಣ ಕೊಂಡುತಂದ. ಕಣ್ಣಿರುವವನಿಗೆ ಅದೇಕೆ ಎಂದು ಮೇಸ್ತ್ರಿ. ಕಣ್ಣಿಗೆ ಬಿಡುವು ಬೇಡವೇ ಎಂದು ಶಿಷ್ಯ. ಸಾಲು ನೆಟ್ಟಗಿರಲು ನೂಲು ಹಿಡಿಯಲು ಬಾರದವರು ಪ್ಲಾಸ್ಟಿಕ್ ಹಿಡಿಯುತ್ತಾರೆ ಎಂದು ಮೇಸ್ತ್ರಿ, ಅದೂ ಮನೆಯ ಯಜಮಾನರ ಎದುರಿಗೆ. ಶಿಷ್ಯ ಬಕೆಟ್ ತೊಳೆದಿಟ್ಟು ಹೋದವನು ಮತ್ತೆ ಬರಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಮುಖ್ಯರಸ್ತೆಯಲ್ಲಿ ಅವನದೇ ಬೋರ್ಡು ಬಂತು. ಮೇಸ್ತ್ರಿ ಆ ಬೋರ್ಡು ಸೊಟ್ಟಗಿದೆಯೆಂದು ಎಲ್ಲರಿಗೂ ಹೇಳಿಕೊಂಡು ಬಂದ. ಬೋರ್ಡು ನೆಟ್ಟಗೇ ಇತ್ತು.

ಮೂಳೆ ಡಾಕ್ಟರು ಮಂಡಿಯನ್ನು ಮುಂದೆ ಎಳೆದು, ಹಿಂದೆ ತಳ್ಳಿ, ಸ್ಕ್ಯಾನ್ ತೆಗೆಸಿ, ಬೆಳಕಿನ ಮುಂದೆ ಹಿಡಿದು ನೋಡಿದರು. ಮಂಡಿಯನ್ನು ಹಿಡಿದಿಡುವ ಲಿಗಮೆಂಟ್ ಸ್ವಲ್ಪ ಹರಿದಿದೆ, ಪೂರ್ತಿ ತುಂಡಾಗಿಲ್ಲ. ಒಳಗಿನ ಮೆತ್ತೆಯ ಅಂಚೂ ಸವೆದಿದೆ. ಈಗಲೇ ಆಪರೇಷನ್ ಬೇಡ, ಮೂರು ತಿಂಗಳು ವ್ಯಾಯಾಮ ಮಾಡಿ, ಆಮೇಲೂ ಕಾಲು ಕೈಕೊಟ್ಟರೆ ನೋಡೋಣ ಎಂದರು. ಬೇರೆ ಯಾರಾದರೂ ಆಗಿದ್ದರೆ ಎದ್ದು ಕೈಮುಗಿಯುತ್ತಿದ್ದರು. ಮೇಸ್ತ್ರಿಯ ಮುಖ ಇಳಿದುಹೋಯಿತು.

"ಡಾಕ್ಟ್ರೇ, ಒಡೆದಿದ್ದನ್ನ ತೆಗೆದು ಬೇರೆ ಹಾಕ್ಬಿಡಿ. ನಾನು ತಯಾರಾಗಿದ್ದೀನಿ."

"ಒಡೆದಿಲ್ಲಪ್ಪ. ಬಿರುಕು ಬಿಟ್ಟಿದೆ, ಅಷ್ಟೆ."

"ಬಿರುಕು ಬಿಟ್ಟಿದ್ದನ್ನ ನಾವು ಉಳಿಸಿಕೊಳ್ಳಲ್ಲ ಡಾಕ್ಟ್ರೇ."

ಡಾಕ್ಟರು ನಕ್ಕು, ನಿಮ್ಮ ಟೈಲ್ಸ್ ತಾನಾಗಿ ಕೂಡಿಕೊಳ್ಳುವುದಿಲ್ಲ, ಮನುಷ್ಯನದು ಸ್ವಲ್ಪ ಮಟ್ಟಿಗಾದರೂ ಕೂಡಿಕೊಳ್ಳುತ್ತದೆ, ಸುತ್ತಲಿನ ಮಾಂಸಖಂಡ ಗಟ್ಟಿಯಾದರೆ ಉಳಿದ ಭಾರ ಅದು ಹೊರುತ್ತದೆ ಎಂದು ತಿಳಿಸಿ ಹೇಳಿದರು. ಮೇಸ್ತ್ರಿಗೆ ಬೇಕಿದ್ದ ಒಂದೇ ಮಾತನ್ನು ಹೆಂಡತಿ ಕೇಳಿದಳು: ಮತ್ತೆ ಕುಕ್ಕರುಗಾಲಲ್ಲಿ ಕೂರಬಹುದೇ? ಟೈಲ್ಸ್ ಹಾಕುವವನು ದಿನವೆಲ್ಲ ಕುಕ್ಕರುಗಾಲಲ್ಲಿ ಇಲ್ಲವೇ ಮಂಡಿಯೂರಿ ಇರಬೇಕು. ನಿಂತುಕೊಂಡು ನೆಲ ಹಾಕುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ಅದನ್ನು ಮೂರು ತಿಂಗಳ ಮೇಲೆ ಹೇಳುತ್ತೇನೆ ಎಂದು ಡಾಕ್ಟರು ಮುಂದಿನವರನ್ನು ಕರೆದರು.

ನೋಡಲು ಬಂದವರಿಗೆಲ್ಲ ಮಂಡಿಯ ವಿಷಯ ಮೊದಲೇ ಗೊತ್ತಿತ್ತು. ಪ್ಲಂಬರ್ ಬಂದು ವಾಷರ್ ಹೋಗಿದೆ ಎಂದ. ಪೇಂಟರ್ ಹೊರಗಿನಿಂದ ಏನೂ ಕಾಣುತ್ತಿಲ್ಲವಲ್ಲ ಎಂದು ಸಮಾಧಾನ ಹೇಳಿದ. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆಯಿಲ್ಲ. ಎಲೆಕ್ಟ್ರಿಷಿಯನ್ ಮಾತ್ರ ಬಾಗಿಲ ಬಳಿಯೇ ನಿಂತ. ತನ್ನ ಪಾದದಿಂದ ಒಬ್ಬ ಮೇಸ್ತ್ರಿಯ ಕೆಲಸ ಹೋಯಿತೆಂದು ಅವನು ಒಳಗೊಳಗೇ ಬೆಂದಿದ್ದ. ಬಂದಾಗಲೆಲ್ಲ ಒಂದೊಂದು ಎಣ್ಣೆಯ ಬಾಟಲಿ ತಂದ. ಎಣ್ಣೆಗಳು ಕಿಟಕಿಯ ಕಟ್ಟೆಯ ಮೇಲೆ ಸಾಲುಗಟ್ಟಿದವು. ಹೆಂಡತಿ ಅವುಗಳಲ್ಲಿ ಒಂದನ್ನು ತನ್ನ ಹೊಲಿಗೆ ಯಂತ್ರಕ್ಕೆ ಹಾಕಿ ನೋಡಿ, ಚೆನ್ನಾಗಿದೆ ಎಂದಳು. ಅವಳು ಬೀದಿಯವರ ಬಟ್ಟೆಗಳನ್ನು ಹಿಗ್ಗಿಸಿ ಕುಗ್ಗಿಸಿ ಕೊಡುವವಳು. ಆದರೂ ಅವಳು ಮಂಡಿಯನ್ನು ತನ್ನ ಕಸುಬಿಗೆ ಹೋಲಿಸಲಿಲ್ಲ.

ಫಿಸಿಯೋ ಮೇಡಂ ಎಂದರೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಹುಡುಗಿ. ದನಿ ಮೆತ್ತಗೆ, ಕೈ ಕಬ್ಬಿಣ. ಒಂದು ಉದ್ದದ ಕೋಣೆ, ಗೋಡೆಗೆ ಕನ್ನಡಿ, ಬಣ್ಣಬಣ್ಣದ ರಬ್ಬರ್ ಪಟ್ಟಿಗಳು, ಒಂದು ಮೂಲೆಯಲ್ಲಿ ಎಲ್ಲಿಗೂ ಹೋಗದ ಮೂರು ಮೆಟ್ಟಿಲು. ಆಕೆ ನಾಲ್ಕು ವ್ಯಾಯಾಮ ಹೇಳಿಕೊಟ್ಟಳು. ಮೊದಲನೆಯದು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವುದು. ಇಷ್ಟೇನಾ ಎಂದು ಮೇಸ್ತ್ರಿ ಕೇಳಿದ. ಮೂಟೆ ಸಿಮೆಂಟ್ ಹೊತ್ತ ಕಾಲಿಗೆ ಟವೆಲ್ ಒತ್ತುವ ಕೆಲಸ! ದಿನಕ್ಕೆ ಮೂರು ಹೊತ್ತು ಮಾಡಿ, ವಾರ ಬಿಟ್ಟು ಬನ್ನಿ ಎಂದಳು ಆಕೆ.

ಅವನು ಮಾಡಿದ ತಪ್ಪನ್ನು ಗುತ್ತಿಗೆಯವನಲ್ಲದೆ ಬೇರೆ ಯಾರೂ ಮಾಡಲಾರರು. ಸೋಮವಾರ ಬೆಳಿಗ್ಗೆ ಕೂತು ಅವನು ಇಡೀ ವಾರದ ಕೆಲಸವನ್ನು ಒಟ್ಟು ಮಾಡಿದ. ಒಟ್ಟು ಇಷ್ಟು ಸಲ ಒತ್ತಬೇಕು, ಇಷ್ಟು ಸಲ ಎತ್ತಬೇಕು. ಹೇಗೂ ಮಾಡಲೇಬೇಕಾದದ್ದನ್ನು ಎಳೆಯುವುದೇಕೆ? ಸೋಮವಾರ ಅರ್ಧ, ಮಂಗಳವಾರ ಅರ್ಧ ಮುಗಿಸಿದರೆ ಬುಧವಾರವೇ ಹೋಗಿ ಮುಂದಿನ ವಾರದ್ದನ್ನು ಒಪ್ಪಿಕೊಳ್ಳಬಹುದು. ಮೂರು ತಿಂಗಳ ಕೆಲಸ ಒಂದೇ ತಿಂಗಳಲ್ಲಿ ಕೈಬಿಡುತ್ತದೆ. ಹೆಂಡತಿ ಬಟ್ಟೆ ಕೊಡಲು ಹೊರಗೆ ಹೋದಾಗ ಆಳು ಕಾಳು ಇಲ್ಲದ ಆ ಗುತ್ತಿಗೆಯನ್ನು ಅವನು ಬೆವರು ಸುರಿಸಿ ನಡೆಸಿದ. ಮಂಗಳವಾರ ಸಂಜೆ ಲೆಕ್ಕ ಚುಕ್ತಾ ಆಯಿತು. ಬುಧವಾರ ಬೆಳಿಗ್ಗೆ ಮಂಡಿ ಕುಂಬಳಕಾಯಿಯಾಗಿತ್ತು.

ಆಟೋದಲ್ಲಿ ಕೂರಿಸಿಕೊಂಡು ಕರೆದೊಯ್ದಾಗ ಫಿಸಿಯೋ ಮೇಡಂ ಮೊದಲು ಮಂಡಿಯನ್ನು, ಆಮೇಲೆ ಅವನ ಮುಖವನ್ನು ನೋಡಿ, ಏನು ಮಾಡಿದಿರಿ ಎಂದು ಕೇಳಿದಳು. ಅವನು ಹೆಮ್ಮೆಯಿಂದಲೇ ಹೇಳಿದ. ಆಕೆ ಎಷ್ಟೋ ಜನರನ್ನು ನೋಡಿದ್ದಳು. ವ್ಯಾಯಾಮ ಮಾಡದೆ ಮಾಡಿದೆ ಎನ್ನುವವರು ದಿನಾ ಬರುತ್ತಿದ್ದರು. ಮುಂದಿನ ಶನಿವಾರದ್ದನ್ನು ಮಂಗಳವಾರವೇ ಮುಗಿಸಿ ಬಂದವನು ಇವನೊಬ್ಬನೇ. ಬೈಯಬೇಕೋ ನಗಬೇಕೋ ತಿಳಿಯದೆ ಆಕೆ ಐಸ್ ತರಲು ಹೋದಳು. ಎರಡು ವಾರ ಹಿಂದಕ್ಕೆ ಹೋಗಿದ್ದೀರಿ ಎಂದು ಮೇಲಿನಿಂದ ಒಂದು ಮಾತು. ಹಾಕಿದ ನೆಲವನ್ನು ಕಿತ್ತು ಮತ್ತೆ ಹಾಕಬೇಕಾದವನ ಸಂಕಟ ಅವನದಾಯಿತು.

ಗಾಯದ ಮೇಲೆ ಬರೆ ಎಂಬಂತೆ ಅದೇ ವಾರ ಹೆಡ್‌ಮೇಡಂ ಬಂದರು. ಒಳ್ಳೆಯ ಹೆಂಗಸು, ದನಿಯಲ್ಲಿ ಮಾತ್ರ ಇನ್ನೂ ಗಂಟೆ ಬಾರಿಸುತ್ತಿತ್ತು. ಅವರು ಬಾಡಿಗೆ ಮನೆ ಬಿಡಬೇಕಿತ್ತು, ಕೋಣೆಗಳಲ್ಲಿ ಇನ್ನೂ ಮಣ್ಣು. ಬೇರೆಯವರಿಂದ ಮಾಡಿಸಿಕೊಳ್ಳಲೇ ಎಂದು ಕೇಳಲು ಬಂದಿದ್ದರು. ಕೇಳದೆ ಮಾಡಿಸಿಕೊಂಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಆಗಲಿ ಎಂದು ಮೇಸ್ತ್ರಿ ಗೋಡೆಗೆ ಹೇಳಿದ. ಅವರು ಯಾರನ್ನು ಕರೆಸುತ್ತಾರೆಂದು ಕೇಳುವ ಅಗತ್ಯವಿರಲಿಲ್ಲ. ಮುಖ್ಯರಸ್ತೆಯ ಬೋರ್ಡು ಅವರ ಮನೆಯ ದಾರಿಯಲ್ಲೇ ಇತ್ತು.

ಅಂದಿನಿಂದ ಅವನು ಟವೆಲ್ ಬಿಟ್ಟ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಗಡ್ಡ ಬಂತು. ಕುಂಟನಿಗೆ ಎಂಟು ಚೇಷ್ಟೆ ಎಂದು ಹೆಂಡತಿ ಕೆಣಕಿದರೂ ಒಂದು ಚೇಷ್ಟೆಯೂ ಹೊರಡಲಿಲ್ಲ. ಭಾನುವಾರ ಬಯಲಿನಿಂದ ಕೂಗು ಕೇಳಿದರೆ ಕಿಟಕಿ ಮುಚ್ಚಿಸಿದ. ಕ್ಯಾಲೆಂಡರ್ ಸೊಟ್ಟಗಾಗಿ ನೇತಾಡುತ್ತಿತ್ತು, ಅದನ್ನು ನೋಡಿಯೂ ಸುಮ್ಮನಿದ್ದ. ಆಗ ಹೆಂಡತಿಗೆ ನಿಜವಾಗಿ ಭಯವಾಯಿತು.

ಅವಳು ಯಂತ್ರ ನಿಲ್ಲಿಸಿ, ಕೊರಳ ಸುತ್ತಲಿನ ಅಳತೆಪಟ್ಟಿ ತೆಗೆದಿಟ್ಟು, ಮಂಚದ ಅಂಚಿಗೆ ಬಂದು ಕೂತಳು.

"ರೀ, ಒಂದ್ ಮಾತು ಕೇಳ್ತೀನಿ. ಈ ಮಂಡಿ ಯಾರ್ದು?"

"ಯಾರ್ದು ಅಂದ್ರೆ?"

"ನಿಮ್ದೇ ತಾನೇ? ಮತ್ತೆ ಬೇರೆಯವರ ಮನೆ ಕೆಲಸದ ಥರ ಮುಗಿಸಿ ಕೈತೊಳ್ಕೊಳೋಕೆ ಯಾಕೆ ಹೊರಟ್ರಿ? ಇದು ಗುತ್ತಿಗೆ ಅಲ್ಲ. ದಿನಗೂಲಿ. ದಿನಾ ಬರಬೇಕು, ಆದಷ್ಟು ಮಾಡ್ಬೇಕು, ಎದ್ದು ಹೋಗ್ಬೇಕು. ನಾಳೆದನ್ನ ಇವತ್ತು ಮಾಡಿದ್ರೆ ಯಾರೂ ಕೂಲಿ ಕೊಡಲ್ಲ."

"ಈ ವಯಸ್ಸಲ್ಲಿ ನನ್ನ ದಿನಗೂಲಿಗೆ ಹಾಕ್ತೀಯಾ?"

"ಹಾಕ್ತೀನಿ. ಸಂಜೆ ಟೀ ಕೂಲಿ. ಕೆಲಸ ಇಲ್ಲ, ಟೀ ಇಲ್ಲ."

ಮಾತು ಚೆನ್ನಾಗಿತ್ತು, ಕಿವಿಗೆ ಬಿತ್ತು, ಮಂಡಿಯವರೆಗೆ ಇಳಿಯಲಿಲ್ಲ. ಅವನು ಎರಡು ದಿನ ಟೀ ಇಲ್ಲದೆ ಮಲಗಿದ. ಅವನನ್ನು ಎಬ್ಬಿಸಿದ್ದು ಬೇರೆಯೇ ಒಂದು ಅವಮಾನ.

ಒಳಕೋಣೆಯ ಅತ್ತೆಗೂ ಮಂಡಿನೋವು, ಎರಡೂ ಕಾಲಿಗೆ, ಬಹಳ ಹಳೆಯದು. ಅಳಿಯನ ಒಂದು ಮಂಡಿಗೆ ಸ್ಕ್ಯಾನು, ಆಟೋ, ನೋಡಬರುವ ಜನ, ಸಾಲುಗಟ್ಟಿದ ಎಣ್ಣೆ. ತನ್ನ ಎರಡು ಮಂಡಿಗೆ ಯಾರೂ ಏನೂ ತಂದಿರಲಿಲ್ಲವೆಂದು ಅವಳಿಗೆ ಒಳಗೇ ಇರಿಸುಮುರಿಸು. ಅಳಿಯ ಅತ್ತೆಯರು ಹೆಚ್ಚು ಮಾತಾಡಿದವರಲ್ಲ; ಇಬ್ಬರ ನಡುವೆ ಮಗಳು ಅಂಚೆಯವಳಂತೆ ಓಡಾಡುತ್ತಿದ್ದಳು. ಆ ಮುದುಕಿ, ಬಾಗಿಲ ಸಂದಿನಿಂದ ಅಳಿಯನ ವ್ಯಾಯಾಮವನ್ನು ಮೊದಲ ದಿನವೇ ನೋಡಿಟ್ಟುಕೊಂಡಿದ್ದಳು. ತನ್ನ ಹಳೆಯ ಟವೆಲೊಂದನ್ನು ಸುತ್ತಿ ಮಂಡಿಯ ಕೆಳಗಿಟ್ಟು, ಯಾರಿಗೂ ಹೇಳದೆ, ದಿನಾ ಒತ್ತುತ್ತಾ ಬಂದಿದ್ದಳು. ಅವಳಿಗೆ ಆತುರವಿರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ.

ಒಂದು ಬೆಳಿಗ್ಗೆ ಮೇಸ್ತ್ರಿ ಗೋಡೆಯಿಂದ ಈಚೆ ಹೊರಳಿದರೆ ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಎಲ್ಲಿಗೆ ಎಂದು ಮಗಳು ಕೇಳಿದಳು. ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇನೆ, ಆ ಮೂಲೆಮನೆಯವರು ಹೊಸ ಗೇಟು ಹಾಕಿಸಿದ್ದಾರಂತೆ ಎಂದಳು. ಹೋದಳು. ಬಂದಳು ಕೂಡ. ಬಂದವಳು ಅಳಿಯನ ಮಂಚದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಅಂಚೆಯವಳನ್ನು ಬಿಟ್ಟು ನೇರವಾಗಿಯೇ ಮಾತಾಡಿದಳು.

"ಅಳಿಯಂದ್ರೇ, ನಿಮ್ಮ ಟವೆಲ್ ಖಾಲಿ ಇದೆಯಾ? ನಂದು ಒಗೆಯೋಕೆ ಹಾಕಿದ್ದೀನಿ."

ಎಪ್ಪತ್ತು ದಾಟಿದ ಹೆಂಗಸು ತನ್ನ ವ್ಯಾಯಾಮವನ್ನು ಕದ್ದು, ತನಗಿಂತ ಮೊದಲು ಬೀದಿಯ ಕೊನೆ ಮುಟ್ಟಿದ್ದಳು. ಬಯಲಿನಲ್ಲಿ ಅಂಗಾತ ಬಿದ್ದಾಗಲೂ ಸೋಲೊಪ್ಪದವನಿಗೆ ಇದನ್ನು ಸಹಿಸಲಾಗಲಿಲ್ಲ. ಟವೆಲ್ ಕೊಡುವುದಿಲ್ಲ ಎಂದ. ಅದನ್ನು ತಾನೇ ಸುತ್ತಿ ಮಂಡಿಯ ಕೆಳಗೆ ಇಟ್ಟುಕೊಂಡ. ಸಂಜೆ ಟೀ ಬಂತು.

ಮೊದಮೊದಲು ಹಸಿವಿಟ್ಟುಕೊಂಡೇ ಎಲೆಯಿಂದ ಏಳುವವನಂತೆ ಚಡಪಡಿಸಿದ. ಹತ್ತು ಸಲ ಎತ್ತು ಎಂದರೆ ಹನ್ನೊಂದನೆಯದಕ್ಕೆ ಕಾಲು ತಾನೇ ಏಳುತ್ತಿತ್ತು. ಹೆಂಡತಿ ಯಂತ್ರದ ಹಿಂದಿನಿಂದ ಒಂದು ಸಲ ಕೆಮ್ಮಿದರೆ ಇಳಿಯುತ್ತಿತ್ತು. ಅತ್ತೆ ಎದುರಿನ ಕುರ್ಚಿಯಲ್ಲಿ ತನ್ನ ಪಾಲಿನದನ್ನು ಮಾಡುತ್ತಿದ್ದಳು. ಇಬ್ಬರೂ ಬಾಯಿಬಿಟ್ಟು ಎಣಿಸುವಂತಿಲ್ಲ, ಎಣಿಸಿದರೆ ಸ್ಪರ್ಧೆಯಾಗುತ್ತದೆಂದು ಮಗಳ ಕಟ್ಟಪ್ಪಣೆ. ಮನಸ್ಸಿನಲ್ಲೇ ಎಣಿಸಿದರು, ಸ್ಪರ್ಧೆ ಆಯಿತು. ವಾರಗಳು ಕಳೆದಂತೆ ಮಂಡಿಯ ಊತ ಇಳಿದು, ತೊಡೆಯಲ್ಲಿ ಕಳೆದುಹೋಗಿದ್ದ ಗಟ್ಟಿತನ ಮರಳತೊಡಗಿತು. ಎಲ್ಲಿಗೂ ಹೋಗದ ಆ ಮೂರು ಮೆಟ್ಟಿಲನ್ನು ಅವನು ಹತ್ತಿ ಇಳಿದ. ಒಂದು ದಿನ ಚೆನ್ನಾಗಿರುತ್ತಿತ್ತು, ಮರುದಿನ ಮಂಡಿ ಮುನಿಸಿಕೊಂಡಿರುತ್ತಿತ್ತು. ಮುನಿದ ದಿನವೂ ಹಾಜರಿ ಹಾಕಬೇಕು, ಕಡಿಮೆ ಮಾಡಿದರೂ ಸರಿ ಎಂದು ಫಿಸಿಯೋ ಮೇಡಂ ಹೇಳಿದ್ದಳು. ಕೂಲಿಯಾಳಿಗೆ ಬೇಸರ ಬಂದರೆ ಕೆಲಸ ನಿಲ್ಲುತ್ತದೆಯೇ ಎಂದು ಅವನು ಆಕೆಗೇ ಪಾಠ ಹೇಳಿದ.

ನಡೆಯಲು ಬಂದ ಮೇಲೆ ಅವನು ಮೊದಲು ಹೋದದ್ದು ಹೆಡ್‌ಮೇಡಂ ಅವರ ಮನೆಗೆ. ಸುಮ್ಮನೆ ಹೀಗೇ ಬಂದೆ ಎನ್ನಲು ಬಾಯಿಯಲ್ಲಿ ಮಾತು ಸಿದ್ಧವಿಟ್ಟುಕೊಂಡು, ಕೋಲೂರಿಕೊಂಡು ಹೋದ. ಒಳಗೆ ಶಿಷ್ಯ ಎರಡನೆಯ ಕೋಣೆಯಲ್ಲಿ ಮಂಡಿಯೂರಿದ್ದ. ಪಕ್ಕದಲ್ಲಿ ಸ್ಪೇಸರ್ ಪೊಟ್ಟಣ. ಗುರುವನ್ನು ಕಂಡು ಅವನ ಕೈ ತಾನಾಗಿ ಪೊಟ್ಟಣವನ್ನು ಬಕೆಟ್ಟಿನ ಹಿಂದಕ್ಕೆ ಸರಿಸಿತು. ಮೇಸ್ತ್ರಿ ತಲೆಯನ್ನು ಎಡಕ್ಕೆ ವಾಲಿಸಿ ಮುಗಿದ ಕೋಣೆಯ ನೆಲ ನೋಡಿದ. ಬಾಗಿಲಿನಿಂದ ಕಿಟಕಿಯವರೆಗೆ ಸಂದುಗಳು ಬಾಚಿದ ಬೈತಲೆಯಂತೆ ಓಡಿದ್ದವು. ತಪ್ಪು ಹುಡುಕಲು ಅವನು ಬಹಳ ಹೊತ್ತು ತೆಗೆದುಕೊಂಡ. ಸಿಗಲಿಲ್ಲ.

"ಮುಚ್ಚಿಡ್ತೀಯಲ್ಲೋ, ಕದ್ದಿದ್ದಾ ಅದು?"

"ನಿಮಗೆ ಆಗಲ್ವಲ್ಲ ಮೇಸ್ತ್ರಿ."

"ಆಗ ಆಗ್ತಿರ್ಲಿಲ್ಲ. ಈಗ ಬಗ್ಗಿ ನೂಲು ನೋಡೋಕೆ ನನ್ನ ಕೈಲೂ ಆಗಲ್ಲ. ತೋರಿಸು, ಹೇಗೆ ಹಾಕ್ತೀಯ."

ಶಿಷ್ಯ ತೋರಿಸಿದ. ತೋರಿಸುತ್ತಾ, ಬೋರ್ಡು ಸೊಟ್ಟಗಿದೆ ಅಂತ ಹೇಳಿದಿರಂತೆ ಎಂದ. ಮೇಸ್ತ್ರಿ, ಆಗ ತನ್ನ ಕಣ್ಣು ಸರಿಯಿರಲಿಲ್ಲ ಎಂದ. ಅವರಿಬ್ಬರಲ್ಲಿ ಕ್ಷಮೆ ಕೇಳುವ ಪದ್ಧತಿ ಇರಲಿಲ್ಲ. ಇದ್ದದ್ದರಲ್ಲಿ ಇದೇ ಉದ್ದನೆಯ ಕ್ಷಮೆ. ಕೊನೆಯ ಕೋಣೆ ಯಾವಾಗ ಎಂದು ಮೇಸ್ತ್ರಿ ಕೇಳಿದ. ಟೈಲ್ಸ್ ಬರಬೇಕು, ಬರುವಷ್ಟರಲ್ಲಿ ನಿಮ್ಮ ಡಾಕ್ಟರ್ ಏನನ್ನುತ್ತಾರೋ ನೋಡಿ ಎಂದು ಶಿಷ್ಯ ಅವನ ಕಡೆ ನೋಡದೆ ಹೇಳಿದ. ಟೈಲ್ಸ್ ಹಜಾರದ ಮೂಲೆಯಲ್ಲಿ ಪೆಟ್ಟಿಗೆಗಳಲ್ಲೇ ಇತ್ತು. ಮೇಸ್ತ್ರಿ ಅದನ್ನು ಕಾಣದವನಂತೆ ದಾಟಿ ಬಂದ.

ಮೂರು ತಿಂಗಳು ಮುಗಿದ ದಿನ ಡಾಕ್ಟರು ಮತ್ತೆ ಎಳೆದರು, ತಳ್ಳಿದರು, ಒಂಟಿಕಾಲಲ್ಲಿ ನಿಲ್ಲಿಸಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂರಿ ಎಂದರು. ಹೆಂಡತಿ ಬ್ಯಾಗನ್ನು ಎದೆಗೊತ್ತಿಕೊಂಡಳು. ಮೇಸ್ತ್ರಿ ಮೇಜಿನ ಅಂಚು ಹಿಡಿದು ಇಳಿಯತೊಡಗಿದ. ಮಂಡಿ ಅರ್ಧ ದಾರಿಯಲ್ಲಿ ಒಮ್ಮೆ ತಡೆದು, ಯಾರು ನೀನು ಎಂದು ವಿಚಾರಿಸಿ, ಗುರುತು ಸಿಕ್ಕಿದಂತೆ ಬಿಟ್ಟುಕೊಟ್ಟಿತು. ಕೂತ. ಅಲ್ಲಿಂದ ತಲೆಯೆತ್ತಿ ನಕ್ಕ. ಡಾಕ್ಟರು ನಗಲಿಲ್ಲ. ಕೂರಲು ಭೂಮಿಯೇ ಎಳೆದುಕೊಳ್ಳುತ್ತದೆ, ಎದ್ದು ತೋರಿಸಿ ಎಂದರು. ಅದು ನಿಜವಾದ ಪರೀಕ್ಷೆ. ಅವನು ಮೇಜಿನಿಂದ ಕೈ ತೆಗೆದ. ಮುಖ ಕೆಂಪಾಯಿತು, ತೊಡೆ ನಡುಗಿತು, ಎಲ್ಲಿಂದಲೋ ಲಟಕ್ಕೆಂದು ಒಂದು ಸದ್ದೂ ಬಂತು, ಅದು ಎಡಗಾಲಿನದು. ಎದ್ದು ನಿಂತ.

ಆಪರೇಷನ್ ಬೇಕಿಲ್ಲ ಎಂದರು ಡಾಕ್ಟರು. ವ್ಯಾಯಾಮ ಬಿಡಬಾರದು. ಒಂದೇ ಸಮನೆ ಕುಕ್ಕರುಗಾಲಲ್ಲಿ ಇರಬಾರದು, ಗಳಿಗೆಗೊಮ್ಮೆ ಏಳಬೇಕು, ತಗ್ಗು ಸ್ಟೂಲ್ ಇಟ್ಟುಕೊಳ್ಳಬೇಕು. ವಾಲಿಬಾಲ್ ಈ ವರ್ಷ ಬೇಡ, ಮುಂದಿನ ವರ್ಷವೂ ಹಾರುವ ಮೊದಲು ನನ್ನನ್ನು ಕೇಳಿ ಎಂದರು. ಮೇಸ್ತ್ರಿ ಎಲ್ಲದಕ್ಕೂ ತಲೆಯಾಡಿಸಿದ. ಹೊರಗೆ ಬಂದ ಮೇಲೆ ಹೆಂಡತಿ ಒಂದೇ ಮಾತು ಹೇಳಿದಳು. ಕಾಲು ಸರಿಹೋಗಿದೆ ಎಂದು ಡಾಕ್ಟರು ಹೇಳಿದರು, ನೀವು ಸರಿಹೋಗಿದ್ದೀರಿ ಎಂದು ಅವರು ಹೇಳಲಿಲ್ಲ. ಕೊನೆಯ ಕೋಣೆಗೆ ಹೋದ ದಿನ ನಾನು ನೋಡುತ್ತೇನೆ.

ಅವಳ ಅನುಮಾನ ಸುಳ್ಳಲ್ಲ. ಕೊನೆಯ ಕೋಣೆ ದೊಡ್ಡದೇನಲ್ಲ. ಹಳೆಯ ಮೇಸ್ತ್ರಿಯಾಗಿದ್ದರೆ ಒಂದು ಹಗಲಿನ ಕೆಲಸ. ಬೆಳಿಗ್ಗೆ ಅವನು ಸ್ಟೂಲಿನ ಮೇಲೆ ಕೂತು ಮೊದಲ ಟೈಲ್ಸ್ ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಶಿಷ್ಯ ಗೋಡೆಯ ಕಡೆ ತಿರುಗಿ ಸುಮ್ಮಸುಮ್ಮನೆ ಸಿಮೆಂಟ್ ಕಲಸಿದ. ಮೂರು ತಿಂಗಳಿಂದ ಆ ಕೈಯಿಂದ ಆ ಸದ್ದು ಬಂದಿರಲಿಲ್ಲ. ಮೊದಲ ಸಾಲು ಮುಗಿಯಿತು, ಎರಡನೆಯದು ಮುಗಿಯಿತು. ಗಳಿಗೆಗೊಮ್ಮೆ ಎದ್ದು ಕಿಟಕಿಯವರೆಗೆ ನಡೆದು ಬಂದ. ಹೆಡ್‌ಮೇಡಂ ಬಾಗಿಲಲ್ಲಿ ಇಣುಕಿ, ಯಾರು ಎದ್ದು ಓಡಾಡುತ್ತಿರುವುದು ಎಂದು ಅಭ್ಯಾಸಬಲದಿಂದ ಗದರಿ, ಆಮೇಲೆ ಕ್ಷಮಿಸಿ ಎಂದು ಒಳಗೆ ಹೋದರು.

ಮಧ್ಯಾಹ್ನ ದಾಟಿದ ಮೇಲೆ ಕೋಣೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿತ್ತು. ಹಗಲಿನ್ನೂ ಧಾರಾಳವಾಗಿತ್ತು. ಕೈಗೆ ಹದ ಬಂದಿತ್ತು. ಇಂಥ ಹೊತ್ತಿನಲ್ಲಿ ಹಿಂದೆ ಅವನಿಗೆ ಹಸಿವು, ನೀರು, ಹೆಂಡತಿ ಯಾವುದೂ ನೆನಪಿರುತ್ತಿರಲಿಲ್ಲ. ಮಂಡಿಯಲ್ಲಿ ನೋವೇನೂ ಇರಲಿಲ್ಲ. ಒಳಗೆ ಎಲ್ಲೋ ಒಂದು ಬಿಸಿ, ಅಷ್ಟೆ. ಇನ್ನು ನಾಲ್ಕು ಸಾಲು. ಅವನು ಮುಂದಿನ ಟೈಲ್ಸಿಗೆ ಕೈಚಾಚಿದ. ಎತ್ತಿಕೊಂಡ. ಅದರ ಬೆನ್ನಿನ ದೂಳು ಒರೆಸಿದ. ಆಮೇಲೆ ಅದನ್ನು ಪೆಟ್ಟಿಗೆಗೇ ವಾಪಸ್ ಇಟ್ಟು, ಸ್ಟೂಲಿನಿಂದ ಎದ್ದು, ಕರಣೆ ತೊಳೆಯಲು ಹೊರಟ.

"ಯಾಕೆ ಮೇಸ್ತ್ರಿ, ನೋವಾ?" ಶಿಷ್ಯ ಗಾಬರಿಯಿಂದ ಎದ್ದ.

"ಇಲ್ಲ ಕಣೋ."

"ಇನ್ನೂ ಬೆಳಕಿದೆಯಲ್ಲ."

"ಇರ್ಲಿ. ನಾಳೆನೂ ಇರತ್ತಲ್ಲ."

ಅರ್ಧ ನೆಲವನ್ನು ಹಾಗೇ ಬಿಟ್ಟು, ತಿರುಗಿ ನೋಡುವ ಆಸೆ ಬೇಕಾದಷ್ಟಿದ್ದರೂ ನೋಡದೆ, ಅವನು ಬೀದಿಗೆ ಬಂದ. ಶಾಲೆ ಬಿಟ್ಟ ಮಕ್ಕಳು ಎದುರಾದರು. ಕೆಲಸದ ದಿನ ಆ ಹೊತ್ತಿನಲ್ಲಿ ಬೀದಿ ಹೀಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಹಣ್ಣಿನ ಅಂಗಡಿಯವನು ಗಿರಾಕಿಯಿಲ್ಲದೆ ಆಕಳಿಸುತ್ತಿದ್ದ, ಮೂಲೆಮನೆಯ ಹೊಸ ಗೇಟು ಬಿಸಿಲಿಗೆ ಹೊಳೆಯುತ್ತಿತ್ತು. ಗೇಟಿನ ಎಡಗಡೆಯ ಕೀಲು ಒಂದು ಕೂದಲಿನಷ್ಟು ಕೆಳಗಿತ್ತು. ನೋಡಿದ, ಮುಂದೆ ನಡೆದ.

ಮನೆಯಲ್ಲಿ ಹೆಂಡತಿ ಯಂತ್ರದ ಮುಂದೆ ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದಳು. ಬಾಗಿಲಲ್ಲಿ ಗಂಡನನ್ನು ಕಂಡು ಕತ್ತರಿ ಕೆಳಗಿಟ್ಟಳು. ಮೊದಲು ಮಂಡಿ ನೋಡಿದಳು, ಊದಿರಲಿಲ್ಲ. ಆಮೇಲೆ ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು, ಜ್ವರವೂ ಇರಲಿಲ್ಲ.

"ಕೋಣೆ ಮುಗೀತಾ?"

"ಇಲ್ಲ."

"ಮತ್ತೆ ಬಂದ್ಬಿಟ್ರಾ?"

"ಬಂದ್ಬಿಟ್ಟೆ."

ಹೊಸ್ತಿಲ ಬಳಿ ನಿಂತಿದ್ದವನ ಬೆರಳುಗಳಲ್ಲಿ ಇನ್ನೂ ಸಿಮೆಂಟಿನ ಬೂದಿಬಣ್ಣವಿತ್ತು. ಡಾಕ್ಟರು ಹೇಳಿದಾಗ ನಂಬದವಳು ಆಗ ನಂಬಿದಳು. ಒಳಕೋಣೆಯ ಕಡೆ ತಿರುಗಿ, ಅಮ್ಮಾ, ಇವತ್ತು ಟೀ ಬೇಗ ಇಡ್ತೀನಿ ಎಂದಳು.